9ನೇ ಕ್ಲಾಸಿಗೆ ಬಂದ ಕೂಡಲೇ ಡ್ರಾಯಿಂಗ್, ಸಂಗೀತ ಬಿಡಿಸಬೇಕಾ? ಮಲೆನಾಡಿನ ಪಾಲಕರು, ಟೀಚರ್‌ಗಳು ಹೇಳಿ

ರಿಪ್ಪನ್‌ಪೇಟೆ ಕಡೆಯ ಅಮ್ಮ:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಮಗಳು 9ನೇ ಕ್ಲಾಸು, ಮಗ 8ನೇ ಕ್ಲಾಸು. ಮಗಳಿಗೆ ಚಿತ್ರ ಬರೆಯುವುದು ಅಂದರೆ ಪ್ರಾಣ. ಹೋದ ವರ್ಷ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದಳು. ಈಗ ಹೈಯರ್ ಕಟ್ಟುತ್ತೇನೆ ಅನ್ನುತ್ತಾಳೆ. ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದ ಹಾಗೆ ನೆಂಟರದ್ದೆಲ್ಲ ಒಂದೇ ಮಾತು. "ಇನ್ನು ಎರಡು ವರ್ಷ ಇದೆಲ್ಲ ಬೇಡ, ಎಸ್ಸೆಸ್ಸೆಲ್ಸಿ ಮುಗಿಯಲಿ." ನಾನೂ ಹೌದು ಅಂದುಕೊಂಡು ಬಣ್ಣದ ಪೆಟ್ಟಿಗೆ, ಬ್ರಶ್ಶು, ಶೀಟು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಮಗಳು ಅಳಲಿಲ್ಲ, ಜಗಳ ಆಡಲಿಲ್ಲ. ಮರುದಿನದಿಂದ ಊಟಕ್ಕೆ ಕರೆದರೆ ಬರುತ್ತಾಳೆ, ತಿನ್ನುತ್ತಾಳೆ, ಎದ್ದು ಹೋಗುತ್ತಾಳೆ. ಅಷ್ಟೇ. ಮೊನ್ನೆ ಅವಳ ವಿಜ್ಞಾನದ ನೋಟ್ಸ್ ತೆಗೆದು ನೋಡಿದೆ. ಪ್ರತಿ ಹಾಳೆಯ ಅಂಚಿನಲ್ಲೂ ನಮ್ಮ ಮನೆ ನಾಯಿ, ಅಡಿಕೆ ಸೋಗೆ, ನನ್ನ ಕೈ. ನನ್ನ ಕೈಯನ್ನು ಮೂರು ಕಡೆ ಬರೆದಿದ್ದಾಳೆ. ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು.

ಮಗನದ್ದು ಬೇರೆ ಕಥೆ. ನಾಲ್ಕು ವರ್ಷ ಚೆನ್ನಾಗಿ ಹಾಡುತ್ತಿದ್ದ. ಈ ಬೇಸಿಗೆಯಿಂದ ಗಂಟಲು ಒಡೆದಿದೆ. ಅವನು ಸಂಗೀತಕ್ಕೆ ಹೋಗುತ್ತಿದ್ದ ಕಡೆ "ನಿನ್ನ ಧ್ವನಿ ಹೋಯ್ತು, ಇನ್ನು ಬರೋದು ಬೇಡ" ಅಂದುಬಿಟ್ಟರು. ಅವತ್ತಿಂದ ಬಚ್ಚಲಲ್ಲೂ ಗುನುಗುವುದಿಲ್ಲ.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಇಲ್ಲ, ಸಂಗೀತಕ್ಕೂ ಯಾರೂ ಇಲ್ಲ. ಶಿವಮೊಗ್ಗಕ್ಕೆ ವಾರ ವಾರ ಕಳಿಸುವುದು ನಮ್ಮ ಕೈಲಿ ಆಗದು. ನಾನು ಮಾಡಿದ್ದು ಸರಿಯಾ? ತಪ್ಪಾದರೆ ಈಗ ಏನು ಮಾಡಬಹುದು?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಶಿವಮೊಗ್ಗ:

ಅಮ್ಮಾ, ಆ ಪೆಟ್ಟಿಗೆಯನ್ನು ಇವತ್ತೇ ಕೆಳಗೆ ಇಳಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಚಿತ್ರಕಲೆ ಕಲಿಸಿದವನು. ದಸರಾ ರಜೆ ಮುಗಿಯಿತು ಅಂದರೆ ನನ್ನ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತಿತ್ತು. ನಾನೂ ಕೊಟ್ಟಿದ್ದೇನೆ. ಕೊಡಬಾರದಿತ್ತು ಅಂತ ಈಗ ಅನ್ನಿಸುತ್ತದೆ. ಆ ಪೀರಿಯಡ್‌ನಲ್ಲಿ ಮಕ್ಕಳು ಕಲಿಯುತ್ತಿದ್ದದ್ದು ಏನು ಅಂತ ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಮೇಜಿನ ಮೇಲೆ ಒಂದು ತಾಮ್ರದ ಚೊಂಬು ಇಡಿ. ಬರಿ ಅಂತ ಮಗುವಿಗೆ ಹೇಳಿ. ಮೊದಲ ಸಲ ಎಲ್ಲ ಮಕ್ಕಳೂ ಚೊಂಬಿನ ಬಾಯಿಯನ್ನು ಗುಂಡಗೆ ಬರೆಯುತ್ತಾರೆ. ಬುಡವನ್ನು ಸ್ಕೇಲು ಹಿಡಿದ ಹಾಗೆ ನೇರ ಗೆರೆ ಎಳೆಯುತ್ತಾರೆ. ಯಾಕೆ? ಬಾಯಿ ಗುಂಡಗಿದೆ ಅಂತ ಅವರಿಗೆ ಗೊತ್ತು. ಚೊಂಬು ಮೇಜಿನ ಮೇಲೆ ಸಮ ಕೂತಿದೆ ಅಂತಲೂ ಗೊತ್ತು. ಗೊತ್ತಿರುವುದನ್ನು ಬರೆಯುತ್ತಾರೆ, ಕಾಣುವುದನ್ನಲ್ಲ. "ಕೂತ ಜಾಗದಿಂದಲೇ ನೋಡು, ಬಾಯಿ ಎಷ್ಟು ಅಗಲ ಕಾಣುತ್ತೆ, ಎಷ್ಟು ಎತ್ತರ ಕಾಣುತ್ತೆ, ಪೆನ್ಸಿಲ್ ಹಿಡಿದು ಅಳೆ" ಅಂದರೆ ಆಗ ಗೊತ್ತಾಗುತ್ತದೆ: ಅದು ಉದ್ದುದ್ದ ಮೊಟ್ಟೆಯ ಹಾಗಿದೆ. ಬುಡವೂ ಬಾಗಿದೆ. ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋದಷ್ಟೂ ಜಾಸ್ತಿ ಬಾಗುತ್ತದೆ. ಇದು ತಿಳಿದ ದಿನ ಮಗುವಿನ ಮುಖ ನೋಡಬೇಕು. ಆ ಮಗು ಆಮೇಲೆ ಹೃದಯದ ಚಿತ್ರವನ್ನು ಗೈಡ್ ನೋಡಿ ನಕಲು ಮಾಡುವುದಿಲ್ಲ. ಯಾವ ಕೊಳವೆ ಯಾವುದರ ಹಿಂದೆ ಹೋಗುತ್ತದೆ ಅಂತ ಕೇಳುತ್ತದೆ.

ಹೈಯರ್ ಪರೀಕ್ಷೆ ನಡೆಸುವುದು ಎಸ್ಸೆಸ್ಸೆಲ್ಸಿ ನಡೆಸುವ ಮಂಡಳಿಯೇ. ಲೋಯರ್ ಪಾಸಾದ ಹುಡುಗಿಯನ್ನು ಅರ್ಧ ದಾರಿಯಲ್ಲಿ ನಿಲ್ಲಿಸಬೇಡಿ. ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಮನೆಯ ಚೊಂಬು, ಒರಳು, ಕೊಡೆ, ಮರದ ಸೌಟು ಒಂದೊಂದೇ ಬರೆಯಲಿ. ಎಚ್‌ಬಿ, 2ಬಿ, 6ಬಿ ಪೆನ್ಸಿಲ್ ಮೂರೇ ಸಾಕು.

ತೀರ್ಥಹಳ್ಳಿಯ ಅಪ್ಪ:

ಮೇಷ್ಟ್ರ ಮಾತಿಗೆ ಗೌರವ ಇದೆ. ಆದರೆ ಇನ್ನೊಂದು ಪಕ್ಕ ಯಾರಾದರೂ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ 625 ಅಂಕಕ್ಕೆ. ಅದರಲ್ಲಿ ಡ್ರಾಯಿಂಗ್ ಅಂಕ ಇಲ್ಲ, ಸಂಗೀತದ್ದೂ ಇಲ್ಲ. ಪಿಯುಸಿ ಸೀಟು, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲ ನಿಂತಿರುವುದು ಆ 625ರ ಮೇಲೆ. ನಮ್ಮ ಹುಡುಗರು ಬೆಳಿಗ್ಗೆ ಏಳೂವರೆಗೆ ಬಸ್ಸಿಗೆ ನಡೆಯಬೇಕು, ವಾಪಸ್ ಮನೆ ಸೇರುವಾಗ ಕತ್ತಲೆ. ಮಳೆಗಾಲದಲ್ಲಿ ಕರೆಂಟ್ ಇರುವುದೇ ಅಪರೂಪ. ಇದರ ನಡುವೆ ಮುಕ್ಕಾಲು ಗಂಟೆ ಅನ್ನುವುದು ಸಣ್ಣ ಹೊತ್ತಲ್ಲ.

ನನ್ನ ಮಗ ತಬಲಾ ಕಲಿಯುತ್ತಿದ್ದ. 10ನೇ ಕ್ಲಾಸಿನಲ್ಲಿ ಬಿಡಿಸಿದೆ. ಒಳ್ಳೆ ಅಂಕ ಬಂತು, ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಎರಡು ಎಕರೆ ತೋಟ ನಂಬಿಕೊಂಡವರಿಗೆ ಮಕ್ಕಳ ಓದು ಬಿಟ್ಟರೆ ಬೇರೆ ದಾರಿ ಇಲ್ಲ. ಕಲೆ ಆಮೇಲೂ ಕಲಿಯಬಹುದು ಅಲ್ವಾ?

ಸಾಗರದ ಸಂಗೀತ ಟೀಚರ್:

ಮೊದಲು ಆ ಹುಡುಗನ ವಿಷಯ. ಅಕ್ಕಾ, ನಿಮ್ಮ ಮಗನ ಧ್ವನಿ ಹೋಗಿಲ್ಲ, ಬೆಳೆಯುತ್ತಿದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ.

ಹುಡುಗರಿಗೆ ಹನ್ನೆರಡರಿಂದ ಹದಿನೈದರ ನಡುವೆ ಗಂಟಲಿನ ಗೂಡು ದೊಡ್ಡದಾಗುತ್ತದೆ. ಧ್ವನಿತಂತುಗಳು ಉದ್ದ ಆಗುತ್ತವೆ, ದಪ್ಪ ಆಗುತ್ತವೆ. ತಂತಿ ಉದ್ದ ಮತ್ತು ದಪ್ಪ ಆದರೆ ನಾದ ಕೆಳಗೆ ಇಳಿಯುತ್ತದೆ, ವೀಣೆಯಲ್ಲೂ ಹಾಗೇ. ಹುಡುಗರಿಗೆ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ಸ ಇಂದ ಕೆಳಗಿನ ಸ ತನಕದಷ್ಟು ಇಳಿಯುತ್ತದೆ. ನಿನ್ನೆಯವರೆಗೆ ಐದು ಮನೆಯ ಎತ್ತರದ ಶ್ರುತಿಯಲ್ಲಿ ಹಾಡಿದವನು ಇವತ್ತೂ ಅಲ್ಲೇ ಹಾಡಲು ಹೋದರೆ ಧ್ವನಿ ಸೀಳುತ್ತದೆ. ತಪ್ಪು ಅವನದ್ದಲ್ಲ, ಶ್ರುತಿಯದ್ದು.

ನನ್ನ ಹತ್ತಿರ ಇಂಥ ಹುಡುಗರು ಬಂದರೆ ಆರು ತಿಂಗಳಿಂದ ಒಂದು ವರ್ಷ ಹೀಗೆ ಮಾಡಿಸುತ್ತೇನೆ. ಶ್ರುತಿ ಇಳಿಸಿ, ಅವನು ಸಹಜವಾಗಿ ಮಾತಾಡುವ ಎತ್ತರದ ಹತ್ತಿರವೇ ಷಡ್ಜ, ಅಂದರೆ ಸ ಹಿಡಿಸುತ್ತೇನೆ. ಮೇಲಿನ ತಾರಸ್ಥಾಯಿ ಮುಟ್ಟಿಸುವುದಿಲ್ಲ. ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಆರಂಭದ ಸ್ವರ ಪಾಠ, ನಿಧಾನದ ಮೊದಲ ಕಾಲ ಮಾತ್ರ, ಹತ್ತೇ ನಿಮಿಷ. ಉಳಿದ ಹೊತ್ತು ತಾಳ. ಸಪ್ತತಾಳ ಅಲಂಕಾರಗಳನ್ನು ಬಾಯಲ್ಲಿ ಹಾಡದೆ ಕೈಯಲ್ಲಿ ಹಾಕಿಸುತ್ತೇನೆ. ಗಂಟಲು ನೋವು ಅಂದರೆ ಅವತ್ತು ಬರೀ ಕೇಳುವುದು. ಈ ವಯಸ್ಸಲ್ಲಿ ಕೂಗಿ ಹಾಡಿಸಿದರೆ ಧ್ವನಿಗೆ ಪೆಟ್ಟು. ಪೂರ್ತಿ ಬಿಡಿಸಿದರೆ ಮನಸ್ಸಿಗೆ ಪೆಟ್ಟು. ಹುಡುಗಿಯರಿಗೂ ಧ್ವನಿ ಸ್ವಲ್ಪ ಬದಲಾಗುತ್ತದೆ, ಗಾಳಿ ಸೇರಿದ ಹಾಗೆ ಕೇಳುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ, "ಶಕ್ತಿ ಇಲ್ಲ, ಗಟ್ಟಿಯಾಗಿ ಹಾಡು" ಅನ್ನುತ್ತಾರೆ.

ತೀರ್ಥಹಳ್ಳಿಯ ಅಣ್ಣನಿಗೆ ಒಂದು ಮಾತು. ನಮ್ಮ ಹೊಸನಗರ ತಾಲೂಕಿನ ನಗರ ಅನ್ನುವ ಊರಲ್ಲೇ ಹುಟ್ಟಿದ ಗಾಯಕ ಶಿವಮೊಗ್ಗ ಸುಬ್ಬಣ್ಣ ಕಾನೂನು ಓದಿ ವಕೀಲರಾದವರು. ಹಾಡನ್ನೂ ಬಿಡಲಿಲ್ಲ. ಕಾಡು ಕುದುರೆ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದರು, ಕನ್ನಡಕ್ಕೆ ಹಿನ್ನೆಲೆ ಗಾಯನದಲ್ಲಿ ಅದೇ ಮೊದಲು. ಎಲ್ಲರ ಮಕ್ಕಳೂ ಹಾಗಾಗುತ್ತಾರೆ ಅಂತ ಹೇಳುತ್ತಿಲ್ಲ. ಓದು ಬೇಕಾದರೆ ಹಾಡು ಬಿಡಲೇಬೇಕು ಅನ್ನುವುದು ನಿಜ ಅಲ್ಲ, ಅಷ್ಟೇ. ಆಮೇಲೆ ಕಲಿಯಬಹುದು ಅಂದಿರಿ. ಕಲಿಯಬಹುದು. ಆದರೆ ಹದಿನಾಲ್ಕರಲ್ಲಿ ಶ್ರುತಿ ಕೂತ ಕಿವಿಯೇ ಬೇರೆ.

ರಿಪ್ಪನ್‌ಪೇಟೆ ಕಡೆಯ ಅಮ್ಮ:

ಟೀಚರ್, ನಿಮ್ಮ ಮಾತನ್ನು ಅವನಿಗೆ ಓದಿ ಹೇಳಿದೆ. "ಶ್ರುತಿಯ ತಪ್ಪಾ?" ಅಂತ ಎರಡು ಸಲ ಕೇಳಿದ. ರಾತ್ರಿ ಕೋಣೆ ಬಾಗಿಲು ಹಾಕಿಕೊಂಡು ಸ ಹಿಡಿಯುತ್ತಿದ್ದ. ಹೊರಗೆ ನಿಂತು ಕೇಳಿದೆ. ತುಂಬಾ ಕೆಳಗಿತ್ತು, ನನಗೆ ಅವರಪ್ಪ ಮಾತಾಡಿದ ಹಾಗೆ ಕೇಳಿತು.

ಸೊರಬದ ಹುಡುಗಿ, ದೃಶ್ಯಕಲೆ ವಿದ್ಯಾರ್ಥಿನಿ:

ಆಂಟಿ, ನಾನು ಈಗ ಬಿವಿಎ, ಅಂದರೆ ದೃಶ್ಯಕಲೆ ಪದವಿಯ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ಊರಿನಲ್ಲೂ ಯಾವ ಡ್ರಾಯಿಂಗ್ ಕ್ಲಾಸೂ ಇರಲಿಲ್ಲ. ನನ್ನ ಕ್ಲಾಸು ನಮ್ಮ ಅಜ್ಜಿ.

ನಮ್ಮದು ದೀವರ ಸಮುದಾಯದ ಮನೆ. ಅಜ್ಜಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ನೆನೆಸಿ ರುಬ್ಬಿದರೆ ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಗುರಿಗೆ ಅನ್ನುವ ಮರದ ಕಾಯಿಯಿಂದ ಹಳದಿ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯುವುದು. ಬ್ರಶ್ಶು ಅಂದರೆ ಪುಂಡಿ ನಾರು, ತುದಿ ಜಜ್ಜಿ ಬಿಡಿಸಿದ್ದು. ಸ್ಕೇಲು ಇಲ್ಲ, ಪೆನ್ಸಿಲ್ ಗುರುತು ಇಲ್ಲ. ಅಜ್ಜಿ ಉಸಿರು ಹಿಡಿದು ಒಂದು ಎಳೆ ಎಳೆಯುತ್ತಾರೆ. ಮೂಲೆಯಿಂದ ಮೂಲೆಗೆ ನೇರ ಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು, ಅಷ್ಟೇ ಜಾಗ ಬಿಟ್ಟು ಮತ್ತೊಂದು. ಬರೆಯುತ್ತಾ ಹಾಡು ಹೇಳುತ್ತಾರೆ. ನಮ್ಮಲ್ಲಿ ಚಿತ್ತಾರಕ್ಕೆ ಹಾಡು ಇದ್ದೇ ಇದೆ. ಹಾಡು ನಿಂತರೆ ಕೈ ಕೂಡ ತಪ್ಪುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಕಾಲೇಜಿಗೆ ಬಂದ ಮೇಲೆ ಡಿಸೈನ್ ಕ್ಲಾಸಿನಲ್ಲಿ ಲಯ, ಸಮತೋಲ ಅಂತ ಪಾಠ ಮಾಡಿದರು. ನನಗೆ ಅಜ್ಜಿಯ ಗೋಡೆ ಕಣ್ಣ ಮುಂದೆ ಬಂತು.

ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹೊತ್ತಿಗೆ ಸಾಗರ, ಸೊರಬದ ಕಡೆ ಯಾವುದಾದರೂ ದೀವರ ಮನೆಗೆ ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ. ಹಬ್ಬದ ನೈವೇದ್ಯ ಒಯ್ಯುವ ಬೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನು ಹತ್ತಿರ ಕೂತು ನೋಡಲಿ. ಯಾರೂ ಬೇಡ ಅನ್ನುವುದಿಲ್ಲ.

ಮುಂದಿನ ಓದಿನ ವಿಷಯವೂ ಹೇಳುತ್ತೇನೆ, ಯಾಕಂದರೆ ನನಗೆ ಆಗ ಯಾರೂ ಹೇಳಲಿಲ್ಲ. ಪಿಯುಸಿ ಯಾವ ವಿಭಾಗದಲ್ಲಿ ಓದಿದರೂ ಬಿವಿಎ ಸೇರಬಹುದು, ನಾಲ್ಕು ವರ್ಷ. ಮೈಸೂರಿನಲ್ಲಿ ಕಾವಾ ಅನ್ನುವ ಕಲಾ ಕಾಲೇಜು ಇದೆ, ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಚಿತ್ರಕಲಾ ಪರಿಷತ್ತು ಇದೆ. ಎನ್‌ಐಡಿ, ನಿಫ್ಟ್ ತರಹದ ಡಿಸೈನ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಯಲು ಬರಬೇಕು. ಆರ್ಕಿಟೆಕ್ಚರ್‌ಗೆ ನಾಟಾ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಐದು ವರ್ಷದ ಓದು. ಅದಕ್ಕೆ ಪಿಯುಸಿಯಲ್ಲಿ ಗಣಿತ ಬೇಕು. ಹಾಗಾಗಿ ಅವಳಿಗೆ ಹೇಳಿ: ಚಿತ್ರದ ಆಸೆಗೆ ಗಣಿತ ಬಿಡಬೇಡ, ಗಣಿತದ ಹೆದರಿಕೆಗೆ ಚಿತ್ರವನ್ನೂ ಬಿಡಬೇಡ. ಅವಳು ಬರೆದ ಯಾವ ಹಾಳೆಯನ್ನೂ ಎಸೆಯಬೇಡಿ. ಅಂಚಿನಲ್ಲಿ ಬರೆದ ನಿಮ್ಮ ಕೈ ಚಿತ್ರ ಇದೆಯಲ್ಲ, ಅದನ್ನು ಕತ್ತರಿಸಿಯಾದರೂ ಇಟ್ಟುಕೊಳ್ಳಿ.

ಮದ್ದಳೆ ಕಲಿಯುವವ, ಹೊಸನಗರ ತಾಲೂಕು:

ಅಕ್ಕಾ, ನಾನು ನಿಮ್ಮ ಪಕ್ಕದ ಊರಿನವನೇ ಇರಬೇಕು. ಪೇಟೆಗೆ ಹೋಗದೆ ಸಂಗೀತ ಇಲ್ಲ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಯಕ್ಷಗಾನ ಮೇಳದ ತಿರುಗಾಟ ಇರುವುದಿಲ್ಲ. ಭಾಗವತರು, ಮದ್ದಳೆಯವರು ಮನೆಯಲ್ಲೇ ಇರುತ್ತಾರೆ. ಊರೂರಲ್ಲಿ ವೇಷ ಇಲ್ಲದೆ ಕೂತು ಮಾಡುವ ತಾಳಮದ್ದಳೆ ನಡೆಯುತ್ತದೆ. ನಿಮ್ಮ ಮಗನನ್ನು ಕರೆದುಕೊಂಡು ಬಂದು ಹಿಂದೆ ಕೂರಿಸಿ. ಗಂಟಲು ಸರಿಯಾಗುವ ತನಕ ಕೈಗೆ ಕೆಲಸ ಕೊಡಿ. ನನಗೂ 8ನೇ ಕ್ಲಾಸಿನಲ್ಲಿ ಗಂಟಲು ಒಡೆದಾಗಲೇ ಮದ್ದಳೆ ಸಿಕ್ಕಿದ್ದು.

ನಮ್ಮ ಮಳೆಯಲ್ಲಿ ವಾದ್ಯ ನೋಡಿಕೊಳ್ಳುವುದೂ ಒಂದು ವಿದ್ಯೆ. ಆಷಾಢದಲ್ಲಿ ಚರ್ಮ ಥಂಡಿ ಹೀರಿ ಸಡಿಲ ಆಗುತ್ತದೆ. ಬಾರಿಸಿದರೆ ನಾದವೇ ಇಲ್ಲ, ಒದ್ದೆ ಗೋಣಿಗೆ ಹೊಡೆದ ಹಾಗೆ. ನಮ್ಮ ಗುರುಗಳು ಬಚ್ಚಲೊಲೆಯಿಂದ ಸ್ವಲ್ಪ ದೂರ ಇಟ್ಟು, ತಿರುಗಿಸಿ ತಿರುಗಿಸಿ ಕಾಯಿಸುತ್ತಾರೆ. ಅಂಗೈ ಇಟ್ಟರೆ ಬೆಚ್ಚಗೆ ಅನ್ನಿಸಬೇಕು, ಅಷ್ಟೇ. ಜಾಸ್ತಿ ಆದರೆ ಚರ್ಮ ಬಿರಿಯುತ್ತದೆ. ಮೊದಲ ಮೂರು ತಿಂಗಳು ನನ್ನ ಪಾಠ ಇದೇ ಆಗಿತ್ತು. ಕಾಯಿಸುವುದು, ಶ್ರುತಿಗೆ ಕೂರಿಸುವುದು, ಕೇಳುವುದು.

ಓದಿನ ಜೊತೆ ಹೊಂದುವ ಕಲೆ ಬೇಕು ಅಂದರೆ ಕಾವ್ಯವನ್ನು ರಾಗದಲ್ಲಿ ಓದುವ ಗಮಕವೂ ಇದೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹಳೆಗನ್ನಡ, ನಡುಗನ್ನಡ ಪದ್ಯ ಅಂದರೆ ಹೆದರುವ ಹುಡುಗರು ಒಂದು ಭಾಮಿನಿ ಷಟ್ಪದಿಯನ್ನು ರಾಗದಲ್ಲಿ ಕೇಳಲಿ. ಎಲ್ಲಿ ಪದ ಒಡೆಯಬೇಕು ಅಂತ ತಾನಾಗಿ ತಿಳಿಯುತ್ತದೆ. ಕನ್ನಡ ಪ್ರಥಮ ಭಾಷೆಗೆ 125 ಅಂಕ ಇದೆಯಲ್ಲ ತೀರ್ಥಹಳ್ಳಿಯ ಅಣ್ಣ, ಅಲ್ಲಿಗೂ ಉಪಯೋಗ.

ಹೈಸ್ಕೂಲ್ ವಿಜ್ಞಾನ ಟೀಚರ್, ಸಾಗರ ತಾಲೂಕು:

ನಾನು ಡ್ರಾಯಿಂಗ್ ಪೀರಿಯಡ್ ತೆಗೆದುಕೊಂಡು ವಿಜ್ಞಾನ ಮಾಡಿದವಳೇ. ಮೇಷ್ಟ್ರ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ಮೂರು ವರ್ಷದಿಂದ ನಮ್ಮ ಶಾಲೆಯಲ್ಲಿ ಬೇರೆ ರೀತಿ ಮಾಡುತ್ತಿದ್ದೇವೆ, ಅದನ್ನು ಹೇಳುತ್ತೇನೆ.

ನಮ್ಮಲ್ಲೂ ಕಲಾ ಶಿಕ್ಷಕರಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತಾಡಿ, ತಿಂಗಳಿಗೆ ಎರಡು ಶನಿವಾರ ಊರಿನವರನ್ನೇ ಕರೆಯುತ್ತೇವೆ. ಒಂದು ಶನಿವಾರ ಚಿತ್ತಾರ ಬರೆಯುವ ಅಮ್ಮ, ಇನ್ನೊಂದು ಶನಿವಾರ ಭಜನೆ ತಂಡದ ಹಾರ್ಮೋನಿಯಂ ಬಾರಿಸುವವರು. ಮರದ ಕೆತ್ತನೆ ಮಾಡುವ ಒಬ್ಬ ಗುಡಿಗಾರರು ಉಳಿ ಹಿಡಿಯುವುದು ತೋರಿಸಿದರು. ಬಸ್ ಚಾರ್ಜು, ಊಟ, ಕೈಗೆ ಸ್ವಲ್ಪ ಗೌರವಧನ ಕೊಡುತ್ತೇವೆ. ಪುಕ್ಕಟೆ ಕರೆಯಬೇಡಿ, ಅದು ಸರಿಯಲ್ಲ.

ವರ್ಷಕ್ಕೆ ಒಂದು ದಿನ ಕೆಳದಿ, ಇಕ್ಕೇರಿಗೆ ಹೋಗುತ್ತೇವೆ. ಫೋಟೋ ತೆಗೆಯುವ ಹಾಗಿಲ್ಲ, ಬರೆಯಬೇಕು ಅನ್ನುವುದು ನಮ್ಮದೇ ನಿಯಮ. ಕೆಳದಿ ರಾಮೇಶ್ವರ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡ ಇದೆ. ಮಕ್ಕಳು ನೆಲದ ಮೇಲೆ ಅಂಗಾತ ಮಲಗಿ ಬರೆದರು. ಕ್ಲಾಸಿನಲ್ಲಿ ಹತ್ತು ನಿಮಿಷ ಕೂರಲಾಗದ ಒಬ್ಬ ಹುಡುಗ ಒಂದೂವರೆ ಗಂಟೆ ಮಲಗಿಯೇ ಇದ್ದ. ಇಕ್ಕೇರಿಯ ನಂದಿಯ ಕೊರಳ ಗಂಟೆ ಸರವನ್ನು ಒಂದೊಂದೇ ಎಣಿಸಿ ಬರೆದವನೂ ಅವನೇ. ಅವನಿಗೆ ಗಮನ ಇಲ್ಲ ಅಂತ ನಾನು ಎರಡು ವರ್ಷ ಅವನ ಅಪ್ಪನಿಗೆ ದೂರು ಹೇಳಿದ್ದೆ.

ಪಾಲಕರಿಗೆ ಗೊತ್ತಿರಬೇಕಾದ ಕೆಲವು ವಿಷಯ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಜಾನಪದ ಗೀತೆ, ರಂಗೋಲಿ ಎಲ್ಲ ಇದೆ. 9ನೇ ಕ್ಲಾಸಿನಿಂದ ಮೇಲಿನವರಿಗೆ ಕಲಾ ಉತ್ಸವ ಇದೆ, 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಜಿಲ್ಲೆಯಿಂದ ರಾಷ್ಟ್ರಮಟ್ಟದ ತನಕ ಹೋಗಬಹುದು. ಸಿಸಿಆರ್‌ಟಿ ಅಂತ ಕೇಂದ್ರದ ಒಂದು ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಸಂಗೀತ, ನೃತ್ಯ, ಚಿತ್ರಕಲೆ ಕಲಿಯಲು ಸ್ಕಾಲರ್‌ಶಿಪ್ ಕೊಡುತ್ತದೆ. ನಿಮ್ಮ ಮಗ 8ನೇ ಕ್ಲಾಸು ಅಂದಿರಿ, ಅವನ ವಯಸ್ಸು ನೋಡಿ ಬೇಗ ವಿಚಾರಿಸಿ. ಹದಿನಾಲ್ಕು ದಾಟಿದರೆ ಆಗುವುದಿಲ್ಲ.

ತೀರ್ಥಹಳ್ಳಿಯ ಅಪ್ಪ:

ಎಲ್ಲರ ಮಾತೂ ಓದಿದೆ. ಅಂಕದ ಬಗ್ಗೆ ನನ್ನ ಮಾತು ಹಾಗೇ ಇದೆ. ಫೆಬ್ರವರಿ, ಮಾರ್ಚ್ ಬಂದಾಗ ಕಲೆ ಕ್ಲಾಸಿಗೆ ರಜೆ ಕೊಡಲೇಬೇಕು. ಆದರೆ ಎರಡು ವರ್ಷ ಪೂರ್ತಿ ಬಿಡಿಸುವುದು ಜಾಸ್ತಿ ಆಯಿತು ಅಂತ ಈಗ ಅನ್ನಿಸುತ್ತಿದೆ. ನಿನ್ನೆ ರಾತ್ರಿ ಮಗನಿಗೆ ಫೋನ್ ಮಾಡಿದ್ದೆ. ತಬಲಾ ಬಿಟ್ಟದ್ದಕ್ಕೆ ಬೇಜಾರು ಇದೆಯಾ ಅಂತ ಮೊದಲ ಸಲ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಸ್ಟೆಲ್‌ನಲ್ಲಿ ಮೇಜಿನ ಮೇಲೆ ಬಾರಿಸ್ತೀನಿ ಅಪ್ಪ" ಅಂದ. ತಬಲಾ ಇನ್ನೂ ಮನೆಯಲ್ಲೇ ಇದೆ. ಬಟ್ಟೆ ಸುತ್ತಿಟ್ಟಿದ್ದೇವೆ. ಮದ್ದಳೆಯವರೇ, ನಾಲ್ಕು ವರ್ಷ ಮುಟ್ಟದ ತಬಲಾ ಸರಿ ಮಾಡಿಸಬಹುದಾ?

ಮದ್ದಳೆ ಕಲಿಯುವವ:

ಆಗುತ್ತದೆ ಅಣ್ಣ. ಚರ್ಮಕ್ಕೆ ಬೂಸ್ಟು ಬಂದಿದ್ದರೆ ಅಥವಾ ನಡುವಿನ ಕಪ್ಪು ಕರಣೆ ಬಿರುಕು ಬಿಟ್ಟಿದ್ದರೆ ಹೊಸ ಚರ್ಮದ ಮುಚ್ಚಿಗೆ ಹಾಕಿಸಬೇಕು. ಡಗ್ಗಾ, ತಬಲಾ ಎರಡನ್ನೂ ತೋರಿಸಿ. ಈಗಲೇ ಬಟ್ಟೆ ಬಿಚ್ಚಿ, ಗಾಳಿ ಆಡುವ ಕಡೆ ಇಡಿ.

ರಿಪ್ಪನ್‌ಪೇಟೆ ಕಡೆಯ ಅಮ್ಮ:

ಪೆಟ್ಟಿಗೆ ಇಳಿಸಿದೆ ಮೇಷ್ಟ್ರೇ. ಒಂದು ತಿಂಗಳಲ್ಲೇ ಬಣ್ಣದ ಬಿಲ್ಲೆಗಳ ಮೇಲೆ ಬೂದು ಬೂಸ್ಟು ಬಂದಿತ್ತು. ಮಗಳು ಏನೂ ಹೇಳದೆ ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ ಒಲೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಒಳಗೆ ಹೋಗಿ ಚೊಂಬು ತಂದಳು. ನಾನು ನಿಮ್ಮ ಮಾತು ಅವಳಿಗೆ ಹೇಳಿರಲಿಲ್ಲ, ಫೋನಿನಲ್ಲಿ ತಾನೇ ಓದಿದ್ದಾಳೆ ಅಂತ ಕಾಣುತ್ತದೆ. ಸಂಜೆ ಏಳರಿಂದ ಏಳೂ ಮುಕ್ಕಾಲು ಅವಳದ್ದು ಅಂತ ಮಾಡಿದ್ದೇವೆ. ಕರೆಂಟ್ ಹೋದರೆ ಚಾರ್ಜರ್ ಲೈಟು.

ಸೋಮವಾರ ಶಾಲೆಗೆ ಹೋಗಿ ಶನಿವಾರದ ವಿಷಯ ಹೆಡ್‌ಮೇಷ್ಟ್ರ ಹತ್ತಿರ ಕೇಳುತ್ತೇನೆ. ಇನ್ನೂ ನಾಲ್ಕು ಜನ ಅಮ್ಮಂದಿರು ಬರುತ್ತೇವೆ ಅಂದಿದ್ದಾರೆ. ಮಗನಿಗೆ ಬರುವ ತಿಂಗಳು ಹದಿನಾಲ್ಕು ತುಂಬುತ್ತದೆ, ಸ್ಕಾಲರ್‌ಶಿಪ್ ವಿಚಾರಿಸುತ್ತಿದ್ದೇನೆ. ಭಾನುವಾರ ಪಕ್ಕದೂರಿನ ತಾಳಮದ್ದಳೆಗೆ ಅವನೇ ಹೊರಟಿದ್ದಾನೆ.

ಒಂದೇ ತೊಂದರೆ. ಈ ಮಳೆಗೆ ಶೀಟು ಮೆತ್ತಗಾಗಿದೆ. ಬಣ್ಣ ಹಾಕಿದರೆ ಹರಡುತ್ತದೆ, ಬೆಳಗಾದರೂ ಒಣಗುವುದಿಲ್ಲ. ಏನು ಮಾಡಲಿ?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಶಿವಮೊಗ್ಗ:

ಶೀಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿ ಇಡಿ. ಬಚ್ಚಲೊಲೆ ಮೇಲಿನ ಅಟ್ಟ ಬೇಡ, ಹೊಗೆಗೆ ಹಳದಿ ಆಗುತ್ತದೆ. ಬರೆಯುವ ಮೊದಲು ಒಂದು ಶೀಟು ತೆಗೆದು, ಮೇಲೆ ತೆಳು ಬಟ್ಟೆ ಹಾಸಿ, ಹದ ಬಿಸಿಯ ಇಸ್ತ್ರಿ ಪೆಟ್ಟಿಗೆ ಒಮ್ಮೆ ಎಳೆಯಿರಿ. ಬೋರ್ಡಿಗೆ ನಾಲ್ಕೂ ಕಡೆ ಟೇಪ್ ಅಂಟಿಸಿ. ಬ್ರಶ್ಶಿನಲ್ಲಿ ನೀರು ಕಡಿಮೆ ಇರಲಿ. ಒಂದು ಪದರ ಒಣಗುವ ತನಕ ಇನ್ನೊಂದು ಹಾಕುವುದು ಬೇಡ, ಅಲ್ಲಿಯವರೆಗೆ ಪೆನ್ಸಿಲ್ ಕೆಲಸ ಮಾಡಲಿ. ಚೊಂಬಿನ ಚಿತ್ರ ಮುಗಿದ ಮೇಲೆ ಇಲ್ಲಿ ಹಾಕಲು ಹೇಳಿ, ಬಾಯಿಯ ಗೆರೆ ನೋಡಬೇಕು.